ಬೆರಳಿಲ್ಲದ ಕೈಗಳು

ಗೋರ್ಕಿ ಎಂದೊಡನೆ ನಮ್ಮವರಿಗೆ ನೆನಪಾಗುವವನು ‘ತಾಯಿ’ ಕಾದಂಬರಿಯ ಮ್ಯಾಕ್ಸಿಂ ಗೋರ್ಕಿ. ನಾನು ಹೇಳಹೊರಟ ಗೋರ್ಕಿ ಬೇರೆ, ಒಬ್ಬ ಚಿತ್ರಕಾರ; ಆದರೆ ಈತನದೂ ತಾಯಿಯದೇ ಕಥೆ. ವೊಸ್ತಾನಿಕ್ ಅದೋಯನ್ ಎಂಬ ಆರ್ಮೇನಿಯನ್ ಹುಡುಗ 1920ರಲ್ಲಿ ಅಮೆರಿಕಕ್ಕೆ ಬಂದಿಳಿದ. ಮುಂದೆ ಆರ್ಶೀಲ್ ಗೋರ್ಕಿ ಎಂದು ಹೆಸರಿಟ್ಟುಕೊಂಡು, ಆ ಮಹಾ ಲೇಖಕ ತನಗೆ ನೆಂಟ ಎಂದೂ ಹೇಳಿಕೊಂಡ. ಮ್ಯಾಕ್ಸಿಂಗಾದರೂ ಅದು ಹುಟ್ಟುಹೆಸರಲ್ಲ! ಕಾವ್ಯನಾಮದ ಮೇಲೆ ನೆಂಟಸ್ತಿಕೆ ಹೂಡಿದವರು ಇನ್ನಾರಿದ್ದಾರೋ. ಇದ್ದ ಬಂಧುಗಳನ್ನು ಕಳಕೊಂಡು ಬಂದವನು ಇಲ್ಲದ ಒಬ್ಬನನ್ನು ಕಟ್ಟಿಕೊಂಡ, ನನಗಂತೂ ಕೋಪವಿಲ್ಲ.

ಅವನ ಬಾಳಿನ ಗಂಟೆಲ್ಲ ಒಂದು ಫೋಟೋದಲ್ಲಿತ್ತು. ಮೊದಲೇ ಅಮೆರಿಕ ಸೇರಿದ್ದ ತಂದೆಗೆ ಕಳಿಸಲೆಂದು 1912ರಲ್ಲಿ ತುರ್ಕಿಯ ವಾನ್ ಪಟ್ಟಣದಲ್ಲಿ ತೆಗೆಸಿದ್ದು. ಅಮ್ಮ ಶುಶಾನ್ ಕೂತಿದ್ದಾಳೆ. ತಲೆಗೆ ವಸ್ತ್ರ, ಮಡಿಲ ಮೇಲೆ ಹೂಕಸೂತಿಯ ಏಪ್ರನ್. ಪಕ್ಕದಲ್ಲಿ ಕೋಟು ತೊಟ್ಟ ಹುಡುಗ, ಕೈಯಲ್ಲಿ ಪುಟ್ಟ ಹೂಗೊಂಚಲು. 1915ರಲ್ಲಿ ಅಲ್ಲಿನ ಆರ್ಮೇನಿಯನ್ನರ ನರಮೇಧ, ಊರು ಬಿಟ್ಟು ಓಟ. 1919ರಲ್ಲಿ ಯೆರೆವಾನಿನಲ್ಲಿ ಆ ತಾಯಿ ಹಸಿವಿನಿಂದ ಸತ್ತಳು.

1926ರ ಸುಮಾರಿಗೆ ಮಗ ಆ ಫೋಟೋ ನೋಡಿಕೊಂಡು ‘ಕಲಾವಿದ ಮತ್ತು ಅವನ ತಾಯಿ’ ಬರೆಯಲು ಕೂತ. ಒಂದಲ್ಲ, ಎರಡು ಕ್ಯಾನ್ವಾಸು. ಹತ್ತು ವರ್ಷ ಕಳೆದರೂ ಕೈ ಬಿಡಲಿಲ್ಲ. ಬಣ್ಣ ಬಳಿಯುವುದು, ಒಣಗಿದ ಮೇಲೆ ಬ್ಲೇಡಿನಿಂದ ಹೆರೆಯುವುದು, ಮತ್ತೆ ಬಳಿಯುವುದು. ಮುಖ ಪಿಂಗಾಣಿಯಷ್ಟು ನುಣುಪಾಯಿತು. ಕಸೂತಿ ಮಾಯವಾಗಿ ಏಪ್ರನ್ ಬೋಳಾಯಿತು. ಕೈಗಳಿಗೆ ಬೆರಳೇ ಇಲ್ಲ, ಬರೀ ಬಿಳಿ ಮಬ್ಬು. ಕೈ ಬರೆಯಲು ಬಾರದವನೇ? ಅವನ ಪೆನ್ಸಿಲ್ ರೇಖೆ ಕಂಡವರು ಆ ಮಾತಾಡರು. ಉಣಿಸುವ ಕೈ ಬರಿದಾದದ್ದನ್ನು ಕಂಡ ಮಗ ಅದಕ್ಕೆ ಬೆರಳು ಬರೆಯುವುದಾದರೂ ಹೇಗೆ? ಇದು ನನ್ನ ಓದು. ಪಂಡಿತರು ಬೇರೆ ಹೇಳಲಿ.

ಆ ಕಸೂತಿಯ ಹೂಗಳು ಎಲ್ಲಿ ಹೋದವು? 1944ರಲ್ಲಿ ಅವನೊಂದು ಚಿತ್ರ ಬರೆದ. ಅಮ್ಮನ ಕಸೂತಿ ಏಪ್ರನ್ ತನ್ನ ಬಾಳಿನಲ್ಲಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದೇ ಅದರ ಹೆಸರು. ಹುಡುಕಿದರೆ ಅಮ್ಮನೂ ಇಲ್ಲ, ಏಪ್ರನ್ನೂ ಇಲ್ಲ. ತೆಳ್ಳಗೆ ಹರಿದಿಳಿದ ಬಣ್ಣ, ಹೂವೋ ಹುಳುವೋ ಹೇಳಲಾಗದ ಆಕಾರಗಳು. ಇದನ್ನು ಅಮೂರ್ತ ಕಲೆ ಎನ್ನುತ್ತಾರೆ. ನನಗೆ ಮಾತ್ರ ಹೆರೆದು ತೆಗೆದ ಕಸೂತಿಯೇ ಇಲ್ಲಿ ಮತ್ತೆ ಚಿಗುರಿದೆ ಎನಿಸುತ್ತದೆ.

ಆಮೇಲಿನದು ದುಃಖ: 1946ರಲ್ಲಿ ಸ್ಟುಡಿಯೋಗೆ ಬೆಂಕಿ, ಕ್ಯಾನ್ಸರ್, ಕಾರು ಅಪಘಾತ, 1948ರಲ್ಲಿ ತಾನೇ ಪ್ರಾಣ ಕಳೆದುಕೊಂಡ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರಿಗೆ ಒಂದು ಮಾತು. ತಾಯಿಯ ಒಂದು ಚಿತ್ರ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನದು, ಇನ್ನೊಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯದು. ಗೋಡೆಯ ಮೇಲಿದೆಯೇ ಎಂದು ವಿಚಾರಿಸಿಕೊಂಡು, ಮಾಲ್ ಸುತ್ತುವ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಿ.