ಮ್ಯಾಕೋ ವಿಂಡೋಸೋ, ಅಜ್ಜಿಯ ಪದ ಉಳಿಯಬೇಕು

ನಂಜನಗೂಡಿನ ನಾನು ವಿಂಡೋಸ್‌ನವನು, ತಿ. ನರಸೀಪುರದ ಗೆಳೆಯ ಮ್ಯಾಕ್‌ನವನು. ಸಿಕ್ಕಾಗಲೆಲ್ಲ ಇದೇ ಜಗಳ. "ವಿಡಿಯೊ ಎಡಿಟಿಂಗ್‌ಗೆ ಮ್ಯಾಕ್ ಬುಟ್ರೆ ಬೇರೆ ಇಲ್ಲ ಕಣ್ಲಾ" ಅಂತಾನೆ. "ಆ ದುಡ್ಡಿಗೆ ಮೂರು ಹಳೇ ಕಂಪ್ಯೂಟರ್ ಬತ್ತವೆ" ಅಂತೀನಿ.

ಕಳೆದ ವರ್ಷ ನಮ್ಮಜ್ಜಿಯ ಸೋಬಾನೆ ಪದಗಳನ್ನು ಪುಟ್ಟ ಪುಸ್ತಕ ಮಾಡಲು ಕೂತೆವು. ಕಾಲೇಜಿನಲ್ಲಿದ್ದಾಗ ಅಜ್ಜಿ ಹೇಳಿದ್ದನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದೆ. ಅಜ್ಜಿ ಈಗಿಲ್ಲ. ಗೆಳೆಯನ ಮ್ಯಾಕ್‌ನಲ್ಲಿ ಫೈಲ್ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎದೆ ಧಸಕ್ಕೆಂದಿತು.

ತಪ್ಪು ಮ್ಯಾಕ್‌ನದಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷೇ ಕಾಣುತ್ತದೆ. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಸಂಖ್ಯೆ ಇದೆ. ನೀವು ವಾಟ್ಸಾಪ್‌ನಲ್ಲಿ ಬರೆಯುವ ಕನ್ನಡವೂ ಅದೇ.

ಮನೆಗೆ ಬಂದು ನನ್ನ ವಿಂಡೋಸ್‌ನಲ್ಲಿ, ನುಡಿಯ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಕೆಲವು ಒತ್ತಕ್ಷರ ಕೆಟ್ಟಿದ್ದವು. ಅಮ್ಮನ ಮುಂದೆ ಓದಿ ತಿದ್ದಿದೆ. ಪುಟಗಳನ್ನು ಗೆಳೆಯ ಮ್ಯಾಕ್‌ನಲ್ಲೇ ಕಟ್ಟಿದ. ಚೆಂದವಾಗಿ ಬಂದವು, ಒಪ್ಪಬೇಕು.

ಈಗಲೂ ನನಗೆ ವಿಂಡೋಸೇ ಇಷ್ಟ, ಅವನಿಗೆ ಮ್ಯಾಕೇ. ಅಮ್ಮನಿಗೆ ಎರಡೂ ಬೇಡ, ಫೋನಿನಲ್ಲೇ ನೋಡಿಕೊಂಡು ಪದ ಹೇಳುತ್ತಾಳೆ. ನಿಮ್ಮ ಮನೆಯಲ್ಲೂ ಹಳೆಯ ನುಡಿ ಫೈಲ್‌ಗಳಿದ್ದರೆ, ಹೇಳಿದವರು ಇರುವಾಗಲೇ ಬದಲಿಸಿಡಿ. ತಪ್ಪಿದ ಅಕ್ಷರ ತಿದ್ದಲು ಅವರೇ ಬೇಕು.