ಕಡಲಿಲ್ಲದ ಸೀಮೆಯಲ್ಲೊಂದು ತೀರಯಾನ

ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವರಿಗೆ ಕಡಲೆಂದರೆ ತೀರದ ಮೋಹ. ಅಂಕೋಲೆಯ ತೆಂಗಿನ ತೋಪುಗಳ ಬಳಿ ಆರಂಭವಾಗಿ, ಹುಬ್ಬಳ್ಳಿ, ಗದಗ, ಹೊಸಪೇಟೆಗಳನ್ನು ಹಾದು ಬಳ್ಳಾರಿಗೆ ಬರುತ್ತಿದ್ದ ರಾಷ್ಟ್ರೀಯ ಹೆದ್ದಾರಿಗೆ ಹಿಂದೆ 63 ಎಂಬ ಸಂಖ್ಯೆಯಿತ್ತು. ಈಗ ಆ ಸಂಖ್ಯೆ ಬದಲಾಗಿದೆ. ಮೋಹ ಮಾತ್ರ ಬದಲಾಗಿಲ್ಲ. ಮಲಗಲು ಮಂಚ, ಬೇಯಿಸಲು ಒಲೆ, ಕುಡಿಯಲು ನೀರಿನ ತೊಟ್ಟಿ ಎಲ್ಲವನ್ನೂ ಅಳವಡಿಸಿದ ಮೋಟಾರು ವ್ಯಾನುಗಳು ಬಂದ ಮೇಲಂತೂ, ಗಂಡ ಹೆಂಡತಿ ಇಬ್ಬರೇ ಹೊರಟು ಕಾರವಾರದಿಂದ ಉಳ್ಳಾಲದವರೆಗೆ ಕಡಲಂಚಿನಲ್ಲೇ ವಾಸ ಮಾಡಿಕೊಂಡು ಹೋಗಬೇಕೆಂಬ ಆಸೆ ಅನೇಕ ಮನೆಗಳಲ್ಲಿ ಚಿಗುರಿದೆ. ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ನೀರಿನೊಳಗೆ ಮುಳುಗಿ ಮೀನುಗಳ ಲೋಕವನ್ನು ನೋಡುವುದು, ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ತೆರೆಯನ್ನೇರುವುದು, ಇವೆಲ್ಲ ಆ ಆಸೆಯ ಒಡವೆಗಳು.

ಅದಕ್ಕೆ ಹತ್ತು ಹದಿನೈದು ದಿನಗಳ ರಜೆ ಬೇಕು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಮೊಳದ ಗಾಡಿಯೊಳಗೆ ಸಂಸಾರ ಒಗ್ಗುವುದೇ ಇಲ್ಲವೇ ಎಂಬುದು ಮೊದಲೇ ತಿಳಿದಿರಬೇಕು. ಈ ಪರೀಕ್ಷೆಗೆ ಬಳ್ಳಾರಿಯವರು ದೂರ ಹೋಗಬೇಕಾಗಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕಡಲಿಗೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದುಬರುವ ತುಂಗಭದ್ರೆ ಈ ಸೀಮೆಗೆ ತನ್ನದೇ ಒಂದು ತೀರವನ್ನು ಕೊಟ್ಟಿದ್ದಾಳೆ. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಕಂಪ್ಲಿ, ಮುಂದೆ ಸಿರುಗುಪ್ಪ, ತೆಕ್ಕಲಕೋಟೆಯ ಮೇಲೆ ಮರಳಿ ಬಳ್ಳಾರಿ: ಮೋಟಾರಿಗೆ ಇದು ಒಂದು ದಿನದ ದಾರಿಯೂ ಅಲ್ಲ. ಎತ್ತಿನ ಗಾಡಿಯ ಗತಿಯಲ್ಲಿ ನಾಲ್ಕೈದು ದಿನ ಹಿಡಿಸಿದರೇ ಅದರ ರುಚಿ ತಿಳಿಯುವುದು.

ಎತ್ತಿನ ಗಾಡಿಯ ಮಾತು ಸುಮ್ಮನೆ ಬಂದುದಲ್ಲ. ಗಾಲಿಯ ಮೇಲಿನ ಮನೆ ಪರದೇಶದಿಂದ ಬಂದ ಹೊಸ ವಿಚಾರವೆಂದು ತಿಳಿಯುವವರು ಭರತ ಹುಣ್ಣಿಮೆಯ ಸುಮಾರಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ ನೋಡಬೇಕು. ಕಾರ್ಣಿಕ ಕೇಳಲು ದೂರದೂರದ ಊರುಗಳಿಂದ ಕಮಾನು ಕಟ್ಟಿದ ಬಂಡಿಗಳು ಸಾಲುಸಾಲಾಗಿ ಬರುತ್ತವೆ. ಬಂಡಿಯೊಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿಯ ಗಂಟು, ಅಡಿಯಲ್ಲಿ ತೂಗುವ ಲಾಂದ್ರ. ಹೊಳೆಯ ದಂಡೆಯಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದರೆ ಮನೆ ಸಿದ್ಧ. ಇಂದಿನ ವ್ಯಾನಿನಲ್ಲಿ ಇರುವುದೆಲ್ಲ ಆ ಬಂಡಿಯಲ್ಲಿಯೂ ಇತ್ತು, ಶೀತಪೆಟ್ಟಿಗೆಯೊಂದನ್ನು ಬಿಟ್ಟರೆ. ಆದರೆ ಬಂಡಿಯವರಿಗೆ ಒಂದು ವಿದ್ಯೆ ಹೆಚ್ಚಾಗಿ ಗೊತ್ತಿತ್ತು. ಹೊಳೆಯಿಂದ ಎಷ್ಟು ದೂರದಲ್ಲಿ ಮಲಗಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಹೊರಡುವ ಮುನ್ನ ಬಳ್ಳಾರಿಯಲ್ಲಿಯೇ ಕೊಂಡುಕೊಳ್ಳಬೇಕಾದುದು ಕೆಲವಿದೆ. ಶೇಂಗಾ ಚಟ್ನಿಪುಡಿ, ಎರಡು ದಿನ ಕೆಡದ ಜೋಳದ ಕಟಿರೊಟ್ಟಿ, ಮಂಡಕ್ಕಿ; ಇವಿದ್ದರೆ ಗೃಹಿಣಿಗೆ ಅರ್ಧ ವಿರಾಮ ದೊರೆತಂತೆಯೇ. ಗಾಡಿಯ ಕಿಟಕಿಗಳಿಗೆ ಪರದೆಯಾಗಿ ಈ ಊರು ಹೆಸರಾದ ಜೀನ್ಸ್ ಬಟ್ಟೆಗಿಂತ ಒಳ್ಳೆಯದು ಬೇರೆ ಸಿಕ್ಕಲಾರದು. ಹೊಲಿಗೆಯವರಲ್ಲಿ ತುಂಡುಗಳನ್ನು ಕೇಳಿ ತಂದು ಹೊಲಿಸಿಕೊಂಡರೆ ಮಧ್ಯಾಹ್ನದ ಬಿಸಿಲು ಒಳಕ್ಕೆ ತೂರದು. ಊರ ನಡುವಿನ ಏಕಶಿಲೆಯ ಗುಡ್ಡ, ಅದರ ನೆತ್ತಿಯ ಕೋಟೆ, ಬಹಳ ದೂರದವರೆಗೂ ಗಾಡಿಯ ಹಿಂದಿನ ಗಾಜಿನಲ್ಲಿ ಕಾಣುತ್ತಲೇ ಇರುತ್ತವೆ.

ಕುರುಗೋಡು ಬಳ್ಳಾರಿಯಿಂದ ವಾಯವ್ಯಕ್ಕಿದೆ. ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿ. ಬೆಟ್ಟದ ಬುಡದಲ್ಲಿ ಹಳೆಯ ಗುಡಿಗಳು ಚದುರಿ ನಿಂತಿವೆ. ಊರಿಗೆ ಹೆಸರು ತಂದಿರುವವನಾದರೋ ದೊಡ್ಡಬಸವೇಶ್ವರ. ಬೇರೆಡೆಗಳಲ್ಲಿ ಶಿವನ ಮುಂದೆ ಕುಳಿತು ಕಾಯುವ ನಂದಿ ಇಲ್ಲಿ ತಾನೇ ಗರ್ಭಗುಡಿಯ ದೇವರು. ಆಳೆತ್ತರವನ್ನು ಎಷ್ಟೋ ಮೀರಿದ ಆ ಶಿಲಾಮೂರ್ತಿಯ ಎದುರು ನಿಂತವರು ಕತ್ತೆತ್ತಿಯೇ ನೋಡಬೇಕು. ರಥೋತ್ಸವದ ದಿನಗಳಲ್ಲಿ ಇಲ್ಲಿ ಗಾಡಿ ನಿಲ್ಲಿಸಲು ಜಾಗ ದೊರೆಯುವುದು ಕಷ್ಟ. ಉಳಿದ ದಿನಗಳಲ್ಲಿ ಪೂಜಾರಿಗಳನ್ನೋ ಊರ ಹಿರಿಯರನ್ನೋ ಕೇಳಿ ಒಂದು ಬಯಲಲ್ಲಿ ರಾತ್ರಿ ಕಳೆಯಬಹುದು. ಕೇಳದೆ ನಿಲ್ಲಿಸುವುದು ಮಾತ್ರ ಮರ್ಯಾದೆಯಲ್ಲ. ಎರೆಮಣ್ಣಿನ ಹೊಲದ ಬದುವಿನಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಒಂದು ಮಳೆ ಬಿದ್ದರೆ ಆ ಕಪ್ಪು ಮಣ್ಣು ಗಾಲಿಯನ್ನು ಹಿಡಿದು ಬಿಡದು. ಬೆಳಿಗ್ಗೆ ಟ್ರ್ಯಾಕ್ಟರಿನವರ ದಯೆಗಾಗಿ ಕಾಯಬೇಕಾದೀತು.

ಕುರುಗೋಡಿನಿಂದ ಕಂಪ್ಲಿಗೆ ಹೋಗುವಾಗ ನೆಲದ ಬಣ್ಣವೇ ಬದಲಾಗುವುದು. ಬಾಳೆ, ಕಬ್ಬು, ನೆಲ್ಲಿನ ಗದ್ದೆಗಳು, ಅವುಗಳ ನಡುವೆ ವಿಜಯನಗರದ ಕಾಲದ ಕಾಲುವೆಗಳು. ಇಲ್ಲಿ ಹೊಳೆ ಎದುರಾಗುತ್ತದೆ. ಹರಿಗೋಲನ್ನು ಕಾಣಬೇಕಾದುದೂ ಈ ಹೊಳೆಯಲ್ಲಿಯೇ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇದೇ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿದ್ದನು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ, ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುವ ನಡೆ. ಅವನು ಬರೆದಿಟ್ಟುದೆಲ್ಲ ಇಂದಿಗೂ ಸರಿಯೇ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಅಷ್ಟೇ. ಇಂದಿನವರು ಜಲಕ್ರೀಡೆ ಎಂದು ಹಣ ಕೊಟ್ಟು ಸುತ್ತಿಸಿಕೊಳ್ಳುವ ಈ ಬುಟ್ಟಿ ನಾಲ್ಕೈದು ಶತಮಾನಗಳ ಕಾಲ ಜನರನ್ನೂ ಧಾನ್ಯವನ್ನೂ ಸಾಗಿಸಿದ ಗಂಭೀರ ವಾಹನ. ತಳದಲ್ಲಿ ದಿಂಡಿಲ್ಲದ ಕಾರಣ ಅದು ಬಂಡೆಗೆ ತಗುಲಿದರೂ ಒಡೆಯದೆ ಜಾರಿಕೊಳ್ಳುತ್ತದೆ. ಬಂಡೆಗಳೇ ತುಂಬಿದ ಈ ಹೊಳೆಗೆ ಬೇರಾವ ದೋಣಿಯೂ ಒಗ್ಗಲಿಲ್ಲ.

ಈಜಬಯಸುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಹೊಸಪೇಟೆಯ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರಿನಷ್ಟು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ಬೆಳಗಿನ ಹೊತ್ತು ಸದ್ದಿಲ್ಲದೆ ಕುಳಿತರೆ ತಲೆಯೆತ್ತಿ ನೋಡಿ ಮುಳುಗುವ ಈ ಪ್ರಾಣಿಗಳ ಸಂಸಾರವನ್ನು ಕಾಣುವ ಅದೃಷ್ಟ ಒದಗೀತು. ಅದೇ ನೀರಿನಲ್ಲಿ ಮೊಸಳೆಗಳೂ ಇವೆ. ದಡದ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುವುದು ಒಣಗಿದ ಮರದ ತುಂಡೆಂದು ತಿಳಿದು ಹತ್ತಿರ ಹೋಗುವುದು ಪಟ್ಟಣಿಗರಿಗೆ ಸಹಜವಾದ ತಪ್ಪು.

ಮೊಸಳೆಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವಂಥದಲ್ಲ. ಕಡಲ ಉಬ್ಬರವಿಳಿತಕ್ಕೆ ಚಂದ್ರನ ಲೆಕ್ಕವಿದೆ. ಪಂಚಾಂಗ ನೋಡಿದರೆ ತಿಳಿಯುವುದು. ಈ ಹೊಳೆಯ ಉಬ್ಬರ ಮೇಲಿರುವ ಅಣೆಕಟ್ಟಿನ 33 ಬಾಗಿಲುಗಳ ಕೈಯಲ್ಲಿದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹಿಡಿದ ಆ ಅಣೆಕಟ್ಟು ಬಳ್ಳಾರಿ ಸೀಮೆಯ ಅನ್ನದಾತನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಲೆನಾಡಿನಲ್ಲಿ ಮಳೆ ಸುರಿದು ಬಾಗಿಲುಗಳೆದ್ದರೆ, ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ಹೊಳೆ ಏರುತ್ತದೆ. ಕಂಪ್ಲಿ ಮತ್ತು ಗಂಗಾವತಿಗಳನ್ನು ಕೂಡಿಸುವ ಸೇತುವೆ ಹೀಗೆ ಅನೇಕ ಸಲ ನೀರಿನಡಿ ಮರೆಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಬಾಗಿಲೇ ಕೊಚ್ಚಿಹೋಯಿತು. ಒತ್ತಡವಿಳಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಸುಮಾರು ಒಂದು ವಾರದ ಸಾಹಸದ ಮೇಲೆ ಆ ಕಂಡಿಗೆ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಇಳಿಸಿ ಮುಚ್ಚಿದರು. ಅಷ್ಟು ದಿನವೂ ಕೆಳಗಿನ ಊರುಗಳು ಹೊಳೆಯ ಮೇಲೆಯೇ ಕಣ್ಣಿಟ್ಟು ಕುಳಿತಿದ್ದವು.

"ರೀ, ಇಲ್ಲೇ ನಿಲ್ಲಿಸೋಣ, ಎಷ್ಟು ಚೆನ್ನಾಗಿದೆ!" ಎಂದು ಮಡದಿ ಉದ್ಗರಿಸುವ ಜಾಗವೆಂದರೆ ಹೆಚ್ಚಾಗಿ ನೀರಿನ ಅಂಚಿನ ಮರಳ ದಿಬ್ಬವೇ ಆಗಿರುತ್ತದೆ. ಆ ಮಾತನ್ನು ಮೀರುವುದು ಗಂಡಂದಿರಿಗೆ ಸುಲಭವಲ್ಲ. ಆದರೂ ಅಲ್ಲಿ ಚಹಾ ಕುಡಿದು, ಮಲಗಲು ಮೇಲಿನ ಊರಿಗೆ ಹೋಗುವುದೇ ಲೇಸು. ಬಂಡಿಯವರು ಹಳೆಯ ನೆರೆಯ ಕಸ ಮರದ ಯಾವ ಕೊಂಬೆಗೆ ಸಿಕ್ಕಿಕೊಂಡಿದೆಯೆಂದು ನೋಡಿ, ಅದಕ್ಕಿಂತ ಎತ್ತರದಲ್ಲಿ ಎತ್ತು ಬಿಚ್ಚುತ್ತಿದ್ದರು. ಆ ಗುರುತು ಇಂದಿಗೂ ಸುಳ್ಳಾಗಿಲ್ಲ. ಮಳೆಗಾಲ ಮುಗಿದ ನವೆಂಬರಿನಿಂದ ಜನವರಿಯವರೆಗಿನ ದಿನಗಳು ಈ ಪ್ರಯಾಣಕ್ಕೆ ಎಲ್ಲ ರೀತಿಯಿಂದಲೂ ಉತ್ತಮ.

ಸಿರುಗುಪ್ಪದ ಬಳಿ ಹೊಳೆ ಎರಡು ಕವಲಾಗಿ ದೇಶನೂರಿನ ನಡುಗಡ್ಡೆಯನ್ನು ಬಳಸಿಕೊಂಡು ಹರಿಯುತ್ತದೆ. ಊರು ಸಣ್ಣ ಕವಲಿನ ದಂಡೆಯಲ್ಲಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ನೆಲ್ಲು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಸಂಜೆಯ ಬೆಳಕಿನಲ್ಲಿ ಹೊಂಬಣ್ಣವಾಗಿ ತೇಲುತ್ತಿರುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಟಿಕೆಟ್ಟು ಕೊಡುವವರಿಲ್ಲ, ಭಾವಚಿತ್ರ ತೆಗೆಯುವವರಿಲ್ಲ. ಹಂಪಿಯ ಸಮೀಪದ ಸಣಾಪುರದಲ್ಲಿ ಹರಿಗೋಲನ್ನು ಬುಗುರಿಯಂತೆ ಗರಗರನೆ ತಿರುಗಿಸಿ ಜನರನ್ನು ಕೂಗಿಸುವ ವಿನೋದವನ್ನು ಕಂಡು ಬಂದವರಿಗೆ ಇಲ್ಲಿನ ಮೌನ ಮೊದಲು ಸಪ್ಪೆ ಎನಿಸೀತು. ಹಿಡಿಸಿದವರಿಗೆ ಮಾತ್ರ ಈ ದಂಡೆಯನ್ನು ಬಿಟ್ಟೇಳಲು ಮನಸ್ಸಾಗದು.

ಈ ಊರಿಗೆ ಹೊಳೆಯ ಇನ್ನೊಂದು ಮುಖವೂ ಗೊತ್ತು. 2009ರ ಅಕ್ಟೋಬರಿನ ಮಹಾಪೂರದಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ಮನೆಮಠ ಕಳೆದುಕೊಂಡವು. ಆ ದಿನಗಳ ಮಾತೆತ್ತಿದರೆ ದಂಡೆಯ ಹಿರಿಯರ ಧ್ವನಿ ತಗ್ಗುತ್ತದೆ. ಇಂಥ ಊರಿನಲ್ಲಿ ಹರಿಗೋಲು ಹತ್ತುವ ಮುನ್ನ ಅಂಬಿಗನನ್ನು "ಇವತ್ತು ಹೊಳಿ ಹೆಂಗೈತಪ್ಪ?" ಎಂದು ಕೇಳುವುದು ವಾಡಿಕೆ. ಅವನು ನೀರಿನ ಬಣ್ಣ ನೋಡುತ್ತಾನೆ, ತೇಲಿಬರುವ ಕಸ ನೋಡುತ್ತಾನೆ. ಬೇಡ ಎಂದು ಅವನು ತಲೆಯಾಡಿಸಿದರೆ ಅಲ್ಲಿಗೆ ಮಾತು ಮುಗಿಯಿತು. ಹೆಚ್ಚು ಹಣದ ಆಸೆ ತೋರಿಸುವುದು ಸಲ್ಲದು. ತೇಲಂಗಿ ತೊಡುವುದಕ್ಕೆ ನಾಚಿಕೆ ಪಡಬಾರದು. ಸೇತುವೆಗಳಾದ ಮೇಲೆ ಹೊಳೆ ದಾಟಿಸುವ ಕೆಲಸ ಕ್ಷೀಣವಾಗಿದೆ. ಎಷ್ಟೋ ಅಂಬಿಗರು ಮೀನುಗಾರಿಕೆಯನ್ನೇ ನಂಬಿದ್ದಾರೆ. ಪ್ರಯಾಣದಲ್ಲಿ ಎರಡು ಗಂಟೆಯ ಕಾಲ ಅವರ ಹರಿಗೋಲನ್ನು ಗೊತ್ತುಮಾಡಿ ದಂಡೆಯಗುಂಟ ನಿಧಾನವಾಗಿ ಸಾಗಿದರೆ, ಹುಟ್ಟುಹಾಕುವವನ ಸಂಸಾರಕ್ಕೂ ಅಷ್ಟು ನೆರವಾಗುತ್ತದೆ.

ಮರಳುವ ದಾರಿಯಲ್ಲಿ ತೆಕ್ಕಲಕೋಟೆ. 1963ರಿಂದ 65ರವರೆಗೆ ಇಲ್ಲಿನ ಗುಡ್ಡಗಳಲ್ಲಿ ಉತ್ಖನನ ನಡೆಸಿದ ಎಂ.ಎಸ್. ನಾಗರಾಜರಾಯರು ನವಶಿಲಾಯುಗದ ವಸತಿಗಳನ್ನು ಹೊರತೆಗೆದರು. ಬಂಡೆಗಳ ನಡುವಿನ ಸಮತಟ್ಟಿನಲ್ಲಿ ತಡಿಕೆ ಹೆಣೆದು ಮಣ್ಣು ಮೆತ್ತಿದ, ಹರಿಗೋಲಿನಂತೆಯೇ ದುಂಡಗಿನ ಗುಡಿಸಲುಗಳು. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ಉಳಿದ ರೊಟ್ಟಿಯ ಗಂಟನ್ನು ಬಿಚ್ಚಿ ಉಂಡು ಹೊರಟರೆ, ದೀಪ ಹಚ್ಚುವ ಹೊತ್ತಿಗೆ ಬಳ್ಳಾರಿ ಸೇರಬಹುದು.