ಹಳ್ಳಿ, ಹಲ್ಲಿ ಮತ್ತು ಕ್ರಾಸ್‌ಓವರ್

ನಿನ್ನೆ ರಾತ್ರಿ ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಅಳೆದೆ. ಗ್ರಾಫಿನಲ್ಲಿ 2,500 ಹರ್ಟ್ಸ್ ಹತ್ತಿರ 30 ಡೆಸಿಬೆಲ್ ಆಳದ ಕುಳಿ ಬಿತ್ತು, ಎರಡು ಕಡೆಯ ಇಳಿಜಾರೂ ಸರಿಸಮವಾಗಿ. ಮನೆಯಲ್ಲಿ ಸ್ಪೀಕರ್ ಕಟ್ಟುವವರಿಗೆ ಇದಕ್ಕಿಂತ ಚಂದದ ನೋಟ ಇನ್ನೊಂದಿಲ್ಲ.

ತಗ್ಗು ದನಿಯನ್ನು ವೂಫರಿಗೂ ಮೇಲು ದನಿಯನ್ನು ಟ್ವೀಟರಿಗೂ ಹಂಚುವ ಮಂಡಲವೇ ಕ್ರಾಸ್‌ಓವರ್. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಕ್ರಾಸ್‌ಓವರ್ ವಿನ್ಯಾಸದ ನಾಲ್ಕನೇ ದರ್ಜೆಯ ರೂಪದಲ್ಲಿ ವೂಫರ್, ಟ್ವೀಟರ್ ಎರಡೂ ಸಂಧಿಯಲ್ಲಿ 6 ಡೆಸಿಬೆಲ್ ಇಳಿದಿರುತ್ತವೆ. ಒಂದೇ ಫೇಸಿನಲ್ಲಿರುವುದರಿಂದ ಕೂಡಿದಾಗ ಗೆರೆ ಸಮವಾಗುತ್ತದೆ. ಹಾಗಿದ್ದ ಮೇಲೆ ಒಂದನ್ನು ತಿರುಗಿಸಿದರೆ ಎರಡೂ ಒಂದನ್ನೊಂದು ಅಳಿಸಿಹಾಕಬೇಕು. ಕುಳಿ ಆಳವಾಗಿಲ್ಲ, ಒಂದು ಪಕ್ಕಕ್ಕೆ ವಾಲಿದೆ ಎಂದರೆ ಫೇಸ್ ಕೂಡಿಲ್ಲ ಎಂದೇ ಅರ್ಥ. ಮೈಕಿನ ಮುಂದೆ ಗೆರೆ ಸಮವಾಗಿ ಬಂತೆಂದು ಹಿಗ್ಗುವವರು ಇದನ್ನು ನೋಡುವುದೇ ಇಲ್ಲ. ಫೇಸ್ ತಪ್ಪಿದ್ದರೂ ಒಂದು ಬಿಂದುವಿನಲ್ಲಿ ಗೆರೆ ಸಮವಾಗಿ ಬರಬಹುದು. ಕುರ್ಚಿಯಿಂದ ಎದ್ದು ನಿಂತರೆ ದನಿ ಬೇರೆಯಾಗುತ್ತದೆ.

ನನ್ನ ತಕರಾರು ಸೂತ್ರ ನಂಬಿ ಕ್ರಾಸ್‌ಓವರ್ ಕಟ್ಟುವವರ ಜೊತೆ. 8 ಓಮ್, 2,500 ಹರ್ಟ್ಸ್ ಎಂದು ಲೆಕ್ಕಕ್ಕೆ ಕೊಟ್ಟರೆ ಮೊದಲ ದರ್ಜೆಗೆ 8 ಮೈಕ್ರೋಫ್ಯಾರಡ್ ಕೆಪಾಸಿಟರ್, ಅರ್ಧ ಮಿಲಿಹೆನ್ರಿ ಕಾಯಿಲ್ ಎಂದು ಉತ್ತರ ಬರುತ್ತದೆ. ಊರಿಗೆಲ್ಲ ಒಂದೇ ಅಳತೆಯಲ್ಲಿ ಅಂಗಿ ಹೊಲಿದಂತೆ! 8 ಓಮ್ ಎನ್ನುವುದು ಬೆನ್ನ ಮೇಲಿನ ಚೀಟಿ ಮಾತ್ರ. ಎಷ್ಟೋ ವೂಫರ್‌ಗಳು ಆ ಕಂಪನಾಂಕಕ್ಕೆ ಬರುವಷ್ಟರಲ್ಲಿ ತಮ್ಮ ಕಾಯಿಲಿನ ಇಂಡಕ್ಟೆನ್ಸ್‌ನಿಂದ 12 ಓಮ್ ದಾಟಿರುತ್ತವೆ. ವೂಫರಿನ ಕೋನ್ ಟ್ವೀಟರಿಗಿಂತ 2 ಸೆಂಟಿಮೀಟರ್ ಹಿಂದೆ ಕೂತಿದ್ದರೂ ಸಾಕು, ಅಲ್ಲಿ ಅಲೆಯ ಉದ್ದವೇ 14 ಸೆಂಟಿಮೀಟರಿಗಿಂತ ಕಡಿಮೆಯಾದ್ದರಿಂದ ಫೇಸ್ 50 ಡಿಗ್ರಿ ಸರಿದುಹೋಗುತ್ತದೆ. ಪೆಟ್ಟಿಗೆಯ ಲೆಕ್ಕವನ್ನೂ ಸೂತ್ರ ಕೇಳುವುದಿಲ್ಲ. ಮುಂಬದಿಯ ಹಲಗೆ 23 ಸೆಂಟಿಮೀಟರ್ ಅಗಲವಿದ್ದರೆ ಸುಮಾರು 500 ಹರ್ಟ್ಸ್ ಆಸುಪಾಸಿನಿಂದ ಕೆಳಕ್ಕೆ ಶಬ್ದ ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೆ ಹರಡುತ್ತದೆ, ಕೊನೆಗೆ 6 ಡೆಸಿಬೆಲ್‌ವರೆಗೂ ನಷ್ಟ. ಇದನ್ನು ತುಂಬಿಕೊಡದ ಸ್ಪೀಕರ್ ಸೊರಗಿದ ದನಿಯಲ್ಲೇ ಮಾತಾಡುತ್ತದೆ. ಆಗ ಈ ಜನ ಮಾಡುವುದೇನು? ಕೆಪಾಸಿಟರ್ ಕಿತ್ತು ಅದಕ್ಕಿಂತ ಹತ್ತು ಪಟ್ಟು ಬೆಲೆಯದನ್ನು ಹಾಕುತ್ತಾರೆ. ತಪ್ಪು ಮೌಲ್ಯದ ಕೆಪಾಸಿಟರ್ ಎಷ್ಟು ದುಬಾರಿಯಾದರೂ ತಪ್ಪು ಮೌಲ್ಯದ್ದೇ. ಆ ದುಡ್ಡಿಗೆ ಒಂದು ಅಳತೆಯ ಮೈಕ್ ಬರುತ್ತದೆ ಎಂದರೆ ‘ಕಿವಿ ಇರುವಾಗ ಮೈಕ್ ಯಾಕೆ ಸಾರ್’ ಎನ್ನುತ್ತಾರೆ.

ಸರಿ, ಕಿವಿಯ ಮಾತಿಗೇ ಬರೋಣ. ಅವರು ಕೇಳಿಸುವುದು ಗಾಜು ಒಡೆಯುವ ಸದ್ದು, ತಬಲಾದ ಪೆಟ್ಟು. ನಾನು ಕೇಳುವುದು ಮಾತು. ಬಿಬಿಸಿಯ ಎಂಜಿನಿಯರುಗಳು ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದ ಕಾಲದಲ್ಲಿ, ಎದುರಿಗೆ ನಿಂತವರ ದನಿಯನ್ನೂ ಸ್ಪೀಕರಿನ ದನಿಯನ್ನೂ ಹೋಲಿಸಿ ನೋಡುವುದು ಅವರ ಪದ್ಧತಿಯಾಗಿತ್ತು. ಕನ್ನಡಕ್ಕೆ ಈ ಪರೀಕ್ಷೆ ಇನ್ನೂ ಕಠಿಣ. ನಾಲಗೆ ಮಡಚಿ ‘ಳ’ ಅಂದಾಗ ಬಾಯೊಳಗಿನ ಮೂರನೇ ಅನುರಣನ ಕೆಳಗಿಳಿಯುತ್ತದೆ, ‘ಲ’ ಅಂದಾಗ ಮೇಲೆಯೇ ಉಳಿಯುತ್ತದೆ. ಅದು ಓಡಾಡುವ ಜಾಗ ಸರಿಸುಮಾರು 2,000ದಿಂದ 3,000 ಹರ್ಟ್ಸ್. ನಾವು ವೂಫರಿಗೂ ಟ್ವೀಟರಿಗೂ ಬೆಸುಗೆ ಹಾಕುವುದೂ ಅಲ್ಲೇ! ‘ನ’ಕ್ಕೂ ‘ಣ’ಕ್ಕೂ ಇದೇ ಕತೆ. ‘ಶ’ಕಾರದ ಬುಸುಗು ಇಲ್ಲೇ ಶುರುವಾಗಿ ಮೇಲೇರುತ್ತದೆ, ‘ಸ’ಕಾರದ್ದು ಇನ್ನೂ ಮೇಲಿನದು.

ಹಾಗಾಗಿ ನನ್ನ ಪರೀಕ್ಷೆಯ ಧ್ವನಿಮುದ್ರಣ ಆಕಾಶವಾಣಿಯ ಕನ್ನಡ ವಾರ್ತೆ. ಕೂತು ಕೇಳುತ್ತೇನೆ, ನಿಂತು ಕೇಳುತ್ತೇನೆ. ಹಳ್ಳಿ ಹಳ್ಳಿಯಾಗಿ, ಹಲ್ಲಿ ಹಲ್ಲಿಯಾಗಿ, ಬಣ್ಣ ಬಣ್ಣವಾಗಿ ಎರಡೂ ಎತ್ತರದಲ್ಲಿ ಕೇಳಿದರೆ ಆ ಕ್ರಾಸ್‌ಓವರಿಗೆ ಬೆಸುಗೆ ಹಾಕಬಹುದು. ನಿಂತಾಗ ‘ಳ’ ಮಂಕಾದರೆ ಟ್ವೀಟರಿನ ತಂತಿ ತಿರುಗಿಸಿ ಮತ್ತೆ ಅಳೆಯಬೇಕು, ಕುಳಿ ಎಲ್ಲಿ ವಾಲಿದೆ ನೋಡಬೇಕು. ಈ ಶ್ರಮ ಬೇಡವೆನ್ನುವವರು ಅಂಗಡಿಯ ಸ್ಪೀಕರನ್ನೇ ಕೊಳ್ಳಲಿ. ಕೈಯಾರೆ ಕಟ್ಟುವುದೆಂದರೆ, ನಮ್ಮ ಕೈಯಲ್ಲಿರುವ ವೂಫರ್ ಏನನ್ನುತ್ತದೆ ಎಂದು ಕೇಳಿ ಕಟ್ಟುವುದು.